ಬೀದರದ ಹಾಕ್ ಮಾಡೆಲ್: ಫ್ಯಾನ್ ಆರ್ಡರ್ ಮಾಡೋಕಿಂತ ಮೊದ್ಲ ತೂಕದ ಲೆಕ್ಕ ಹಾಕು

ತಮ್ಮಾ, ನಿನ್ನ ಪೋಸ್ಟ್ ಪೂರಾ ಓದ್ದೆ. ಏರ್‌ಫೋರ್ಸಿನ ಕಸರತ್ತು ತೋರ್ಸೋ ಸೂರ್ಯಕಿರಣ್ ಟೀಮಿನ ಹಾಕ್ ಜೆಟ್ಟಿನ ರಿಮೋಟ್ ಮಾಡೆಲ್ ಮಾಡಬೇಕು, ರೆಕ್ಕಿ ತುದಿಯಿಂದ ತುದಿಗೆ ಒಂದು ಮೀಟರ್, 70 ಎಂಎಂ ಇಡಿಎಫ್ (ಕೊಳವಿ ಒಳಗ ತಿರುಗೋ ಕರೆಂಟ್ ಫ್ಯಾನ್), ಸನ್‌ಬೋರ್ಡಿಂದ ಕಟ್ಟಿ ರಿಟ್ರ್ಯಾಕ್ಟ್ (ಹಾರೋವಾಗ ಒಳಗ ಮಡಚೋ) ಗಾಲಿ ಹಾಕಿ ಬೀದರದಾಗೇ ಹಾರಸ್ತೀನಿ ಅಂದಿ. ಕೆಳಗ ಒಂದಿಬ್ರು "12 ಬ್ಲೇಡಿನ ಫ್ಯಾನ್, 6ಎಸ್ (ಆರು ಸೆಲ್ಲಿನ) ಬ್ಯಾಟರಿ ತಗೊ, ಅಷ್ಟೇ" ಅಂತ ಬರದಾರ. ಅಷ್ಟೇ ಅಲ್ಲ ಅದು. ನಾ ಕಲಬುರಗಿ ಕಡೆ ಫೋಮ್ ಜೆಟ್ ಕಟ್ಟಿ ಹಾರಸ್ತೀನಿ, ನಮ್ಮ ಬಿಸಿಲು ನಮ್ಮ ನೆಲಕ್ಕ ಹೊಂದೋ ಮಾತು ಹೇಳ್ತೀನಿ, ಜರಾ ಉದ್ದ ಆಗ್ತದ.

ವಿಮಾನ ಆರ್ಸಿದ್ದು ಮಾತ್ರ ಬರೋಬ್ಬರಿ ಅದ. ಖರೇ ಹಾಕ್ ರೆಕ್ಕಿ 9.94 ಮೀಟರ್, ಹತ್ತರಾಗ ಒಂದು ಮಾಡಿದ್ರ ಒಂದು ಮೀಟರಿಗೆ ಕೂಡ್ತದ. ಒಂದೇ ಎಂಜಿನ್, ಎರಡೂ ಪಕ್ಕಕ್ಕ ಗಾಳಿ ಬಾಯಿ, ಬಾಲದಾಗ ಒಂದು ಪೈಪ್, ಮುಂದ ಉದ್ದ ಮೂಗು ಇರೋದ್ರಿಂದ ಬ್ಯಾಟರಿ ಮುಂದ ತಳ್ಳಿ ಸಿಜಿ, ಅಂದ್ರ ತೂಕ ಸಮ ನಿಲ್ಲೋ ಜಾಗ, ಕೂಡ್ಸೋದು ಸರಳ. ಟೀಮ್ 1996ರಾಗ ಸುರು ಆದಾಗ ಹಾರಸ್ತಿದ್ದದ್ದು ಎಚ್‌ಎಎಲ್ ಕಿರಣ್ ಟ್ರೇನರ್ ಜೆಟ್, 2011ರ ತನಕ ಅದೇ ಇತ್ತು, ಹಾಕ್ ಬಂದಿದ್ದು 2015ರ ಮ್ಯಾಲ. ನನ್ನ ಕೇಳಿದ್ರ ಮೊದಲ ಜೆಟ್ಟಿಗೆ ಕಿರಣ್ ಇನ್ನೂ ಛಲೋ, ನೇರ ರೆಕ್ಕಿ, ನಿಧಾನ ಹಾರ್ತದ. ಆದ್ರ ನಿಂಗ ಹಾಕ್‌ನೇ ಬೇಕಂದ್ರ ಹಾಕ್‌ನೇ ಮಾಡು, ಮನಸ್ಸಿಲ್ಲದ ಮಾಡೆಲ್ ಅರ್ಧಕ್ಕೇ ಅಟ್ಟ ಸೇರ್ತದ.

ಈಗ ತೂಕ. ಹಾಕ್ ರೆಕ್ಕಿ ಏರಿಯಾ 16.7 ಚದರ ಮೀಟರ್, ನಿನ್ನ ಸ್ಕೇಲಿನಾಗ 16.7 ಚದರ ಡೆಸಿಮೀಟರ್ ಆಗ್ತದ. ಎರಡು ಕೆಜಿ ಮಾಡೆಲ್ ಆದ್ರ ಒಂದೊಂದು ಡೆಸಿಮೀಟರ್ ಮ್ಯಾಲ 120 ಗ್ರಾಂ ಭಾರ ಬಿತ್ತು, ಅದು ಹೆಚ್ಚೇ ಅದ, ಅದಕ್ಕ 1.8 ಅಥವಾ 1.9ರಾಗ ಮುಗ್ಸಬೇಕು. 6ಎಸ್ 4000 ಎಂಎಎಚ್ ಬ್ಯಾಟರಿನೇ ಹತ್ರ ಹತ್ರ 600 ಗ್ರಾಂ, ಫ್ಯಾನ್, ಇಎಸ್‌ಸಿ (ಮೋಟಾರಿನ ಸ್ಪೀಡ್ ಹಿಡಿಯೋ ಸರ್ಕ್ಯೂಟ್), ಸರ್ವೋ (ರೆಕ್ಕಿ ಬಾಲದ ಪಟ್ಟಿ ತಿರುಗ್ಸೋ ಸಣ್ಣ ಮೋಟಾರ್), ವೈರ್ ಎಲ್ಲಾ ಕೂಡಿ ಇನ್ನೊಂದು 400 ಹಿಡಿ, ಕಟ್ಟಡಕ್ಕ ಉಳಿಯೋದು 800 ಗ್ರಾಂ ಅಷ್ಟೇ. ಸನ್‌ಬೋರ್ಡ್ ಅಂದ್ರ ಫ್ಲೆಕ್ಸ್ ಅಂಗಡಿಯವ್ರು ಬೋರ್ಡಿಗೆ ಹಾಕೋ ಪಿವಿಸಿ ಶೀಟ್, ಅದು ಡೆಪ್ರಾನಿಗಿಂತ (ಮಾಡೆಲಿಗೆ ಬಳಸೋ ಹಗುರ ಫೋಮ್ ಶೀಟ್) ಹತ್ತು ಪಟ್ಟು ಮಿಕ್ಕಿ ಭಾರ, ಅದರಿಂದ ಕಟ್ಟಿದ್ರ ಜೆಟ್ ಅಲ್ಲ, ಜೆಟ್ಟಿನ ನೇಮ್‌ಪ್ಲೇಟ್ ಆಗ್ತದ. ಡೆಪ್ರಾನ್ ಸಿಕ್ರ ಡೆಪ್ರಾನ್, ಇಲ್ಲಂದ್ರ ಛತ್ತಿನ ಬಿಸಿಲು ತಡೀಲಾಕ ಹಾಕೋ ಎಕ್ಸ್‌ಪಿಎಸ್ ಫೋಮ್ ಶೀಟ್ ತಂದು ಬಿಸಿ ತಂತಿಲೆ ತೆಳ್ಳಗ ಸೀಳು. ರೆಕ್ಕಿ ಒಳಗ ಕಾರ್ಬನ್ ಪೈಪ್ ಹಾಕಬೇಕು, ಅಲ್ಲಿ ಉಳಿತಾಯ ಮಾಡ್ಬ್ಯಾಡ.

ಫ್ಯಾನಿನ ಡಬ್ಬಿ ಮ್ಯಾಲ ಬರ್ದಿರೋ ಥ್ರಸ್ಟ್ (ಮುಂದ ತಳ್ಳೋ ಶಕ್ತಿ) ನಂಬಬ್ಯಾಡ, ಸುಳ್ಳಂತಲ್ಲ, ಅದು ನಮ್ಮ ಊರಿನ ಗಾಳಿದಲ್ಲ. ಬೀದರ ಸಮುದ್ರ ಮಟ್ಟಕ್ಕಿಂತ ಹೆಚ್ಚುಕಡಿಮಿ 660 ಮೀಟರ್ ಎತ್ತರ, ಮ್ಯಾಲ ಏಪ್ರಿಲ್‌ದಾಗ 40 ಡಿಗ್ರಿ ಬಿಸಿಲು ಹಿಡಿದ್ರ ಗಾಳಿ ಸುಮಾರು 15 ಪರ್ಸೆಂಟ್ ತೆಳ್ಳಗಾಗಿರ್ತದ, ಅಷ್ಟೇ ಆರ್‌ಪಿಎಂ ತಿರುಗಿದ್ರೂ ಥ್ರಸ್ಟ್ ಅಷ್ಟು ಕಡಿಮಿ. 2.2 ಕೆಜಿ ಬರ್ದಿದ್ರ 1.87 ಅಂತ ಓದು, ಅದ್ರಾಗ ಡಕ್ಟ್ (ಮೈಯೊಳಗಿನ ಗಾಳಿ ಕೊಳವಿ) ತಿನ್ನೋದು ಹತ್ತು ಪರ್ಸೆಂಟ್ ತೆಗಿ, 1.7 ಉಳೀತು. 1.8 ಕೆಜಿ ಹಾಕ್‌ಗೆ ಇಷ್ಟು ಸಾಕು, ಛಲೋ ಹಾರ್ತದ. ಅದೇ ಸನ್‌ಬೋರ್ಡ್, ರಿಟ್ರ್ಯಾಕ್ಟ್, ಪೈಲಟ್ ಗೊಂಬಿ, ಲೈಟು ಅಂತ 2.5ಕ್ಕ ಹೋದ್ರ ನೆಲ ಬಿಡ್ಲಾಕೇ ಒದ್ದಾಡ್ತದ. ಡಿಸೆಂಬರ್ ಮುಂಜಾನಿ ತಂಪಿನಾಗ ನಷ್ಟ ಏಳೆಂಟು ಪರ್ಸೆಂಟಿಗೆ ಇಳೀತದ, ಅದಕ್ಕ ಮೊದಲ ಹಾರಾಟ ಚಳಿಗಾಲಕ್ಕ ಇಟ್ಕೊ.

ಡಕ್ಟಿನ ಮಾತು ಯಾರೂ ಎತ್ತಲಿಲ್ಲ, ಇಡಿಎಫ್ ಕೆಡೋದೇ ಅಲ್ಲಿ. 70 ಎಂಎಂ ಫ್ಯಾನಿನಾಗ ನಡುವಿನ ಹಬ್ 30 ಎಂಎಂ ಇದ್ರ ಗಾಳಿ ಹಾಯೋ ಜಾಗ 3140 ಚದರ ಎಂಎಂ ಹತ್ರ ಬರ್ತದ. ಎರಡೂ ಬಾಯಿ ಕೂಡಿ ಇಷ್ಟಾದ್ರೂ ಇರಬೇಕು, ಅಂದ್ರ ಒಂದೊಂದು ಬಾಯಿ 40 ಎಂಎಂ ಅಗಲ 40 ಎಂಎಂ ಎತ್ತರ. ಪಕ್ಕಾ ಸ್ಕೇಲ್ ಹಿಡಿದ್ರ ಇಷ್ಟು ಬರಂಗಿಲ್ಲ, ಸ್ವಲ್ಪ ದೊಡ್ಡದು ಮಾಡು, ಹಾರೋವಾಗ ಯಾರೂ ಟೇಪ್ ಹಿಡ್ದು ಅಳಿಯೋದಿಲ್ಲ. ಹಿಂದಿನ ಪೈಪ್ ಈ 3140ರ 85ರಿಂದ 90 ಪರ್ಸೆಂಟ್, ಅಂದ್ರ ಗಾಳಿ ಹೊರಗ ಬೀಳೋ ತುದಿಗೆ 58ರಿಂದ 60 ಎಂಎಂ ವ್ಯಾಸ. ಇನ್ನೂ ಸಣ್ಣ ಮಾಡಿದ್ರ ಸ್ಪೀಡ್ ಬರ್ತದಂತ ಕೆಲವ್ರು ಅಂತಾರ, ಒಂದು ಮಟ್ಟ ದಾಟಿದ್ರ ಕರೆಂಟ್ ಏರ್ತದ, ಎಳೆತ ಇಳೀತದ.

ಬಾಯಿಯ ಅಂಚು ಬ್ಲೇಡಿನಂಗ ಚೂಪು ಬಿಡಬ್ಯಾಡ, ಫೋಮ್ ಅಂಚನ್ನ ಸ್ಯಾಂಡ್‌ಪೇಪರ್‌ಲೆ ದುಂಡು ಮಾಡು, ನಿಂತಲ್ಲಿ ಎಳಿಯೋ ಶಕ್ತಿ ಕಣ್ಣಿಗೆ ಕಾಣೋವಷ್ಟು ಏರ್ತದ. ಮತ್ತ ಫ್ಯಾನಿನ ಮುಂದಿನ ಡಕ್ಟ್ ಒಳಗ ಫುಲ್ ಥ್ರಾಟಲಿಗೆ ಗಾಳಿ ಒತ್ತಡ ಕಡಿಮಿ ಆಗಿ ತೆಳ್ಳನ ಶೀಟ್ ಒಳಮುಖ ಸೇದ್ಕೋತದ. ಜರಾ ದೂರ ನಿಂತು ಬಾಯಿಯೊಳಗ ಮೊಬೈಲ್ ಟಾರ್ಚಿನ ಬೆಳಕು ಬಿಟ್ಟು ನೋಡು, ಗೋಡಿ ಪಟಪಟ ನಡಗೋದು ಕಾಣ್ತದ, ದನಿನೂ ಬ್ಯಾರೆ ಆಗ್ತದ. ಹೊರಗಿನಿಂದ ಪ್ಲೈವುಡ್ ಇಲ್ಲಾ ಫೋಮ್ ಉಂಗುರ ಅಂಟ್ಸಿ ಗಟ್ಟಿ ಮಾಡು. ಮೈ ಮುಚ್ಚಿ ಅಂಟ್ಸೋಕಿಂತ ಮೊದ್ಲೇ ಲಗೇಜ್ ತೂಗೋ ಡಿಜಿಟಲ್ ಕಾಟಾ ಬಾಲಕ್ಕ ಕಟ್ಟಿ ಬರೀ ಫ್ಯಾನ್ ಎಷ್ಟು ಎಳೀತದ, ಡಕ್ಟ್ ಕೂಡ ಎಷ್ಟು ಎಳೀತದ ಬರ್ದಿಟ್ಕೊ. ಕಾಲು ಭಾಗಕ್ಕಿಂತ ಹೆಚ್ಚು ಹೋಗಿದ್ರ ಬಾಯಿ ಸಣ್ಣದು ಇಲ್ಲಾ ಒಳಗ ಎಲ್ಲೋ ಮೆಟ್ಟಲು ಉಳದದ. ಫ್ಯಾನ್ ಓಡೋವಾಗ ಬಾಯಿ ಹತ್ರ ಬಟ್ಟಿ ತುದಿ, ಟವೆಲ್ಲು, ಐಡಿ ಕಾರ್ಡಿನ ದಾರ ಒಯ್ಯಬ್ಯಾಡ.

ವೈರ್: ಫ್ಯಾನ್ ಹಿಂದ, ಬ್ಯಾಟರಿ ಮೂಗಿನಾಗ, ನಡುವ ಅಂತರ ಉದ್ದ ಆಗ್ತದ. ಬ್ಯಾಟರಿ ಕಡೆ ವೈರ್ ಉದ್ದ ಮಾಡಿದ್ರ ಇಎಸ್‌ಸಿ ಕೆಪಾಸಿಟರ್ ಸುಡ್ತಾವ, ಅದರ ಬದ್ಲಿ ಇಎಸ್‌ಸಿ ಮುಂದ ಇಟ್ಟು ಮೋಟಾರಿನ ಮೂರು ವೈರ್ ಉದ್ದ ಮಾಡು. 80 ಆಂಪ್ ಇಎಸ್‌ಸಿ ಇರಲಿ, ಅದರ ಹೀಟ್ ಸಿಂಕ್ ಡಕ್ಟಿನ ಗಾಳಿಗೆ ತಾಗಂಗ ಕೂಡ್ಸು, ಸರ್ವೋಗೆ ಬ್ಯಾರೆ ಬಿಇಸಿ (ಬ್ಯಾಟರಿ ವೋಲ್ಟೇಜ್ ಇಳಿಸಿ ಕೊಡೋ ಸರ್ಕ್ಯೂಟ್) ಕೊಡು.

ರಿಟ್ರ್ಯಾಕ್ಟ್ ಮೊದಲ ಮಾಡೆಲಿಗೆ ಬ್ಯಾಡ. ಕಾಲು ಕೆಜಿ ಏರ್ತದ, ನಮ್ಮ ಕಡೆ ಸಣ್ಣ ಗಾಲಿ ಓಡೋ ಸಾಫ್ ನೆಲ ಎಲ್ಲದ? ಬೀದರದ ಕೆಂಪು ಮುರುಮಿನ ಹಳ್ಳು ಫ್ಯಾನ್ ಸೇದಿ ಬ್ಲೇಡ್ ಕೆಡಸ್ತದ, ನಮ್ಮ ಎರಿ ಹೊಲ ಬ್ಯಾಸಗಿಯಾಗ ಗಾಲಿ ಮುಳುಗೋ ಬಿರುಕು ಬಿಡ್ತದ. ಹೊಟ್ಟಿಗೆ ಟೇಪ್ ಹಾಕಿ ಹೊಟ್ಟಿ ಮ್ಯಾಲೇ ಇಳ್ಸು, ಬಂಜಿ ರಬ್ಬರ್‌ಲೆ ಸಣ್ಣ ಇಳಿಜಾರು ಸ್ಟ್ಯಾಂಡಿಂದ ಬಿಡು. ಹೊಲ ಆರ್ಸೋವಾಗ ತೊಗರಿ ಕೊಯ್ದ ಹೊಲ ನೋಡಬ್ಯಾಡ, ಕೊಯ್ದ ಮ್ಯಾಲ ನಿಂತ ಕೂಳಿ ಗೂಟದಂಗ ಇರ್ತಾವ, ಫೋಮಿನ ಹೊಟ್ಟಿ ಮೂಗಿಂದ ಬಾಲದ ತನಕ ಸೀಳ್ತಾವ. ಕಡ್ಲಿ ಬೇರು ಸಮೇತ ಕೀಳ್ತಾರಲ್ಲ, ಕಡ್ಲಿ ಕಿತ್ತ ಹೊಲ ಛಲೋ. ಹೊಲದ ಮಾಲಕರಿಗೆ ಮೊದ್ಲ ಒಂದು ಮಾತು ಕೇಳು. ಇಳಿಸೋವಾಗ ಮೊಳಕಾಲೆತ್ತರಕ್ಕ ಬಂದ ಮ್ಯಾಲ ಥ್ರಾಟಲ್ ಪೂರಾ ಬಂದ್ ಮಾಡು, ಇಲ್ಲಂದ್ರ ಮಣ್ಣು ಸೇದ್ಕೋತದ, ಆದ್ರ ಅದಕ್ಕಿಂತ ಮೊದ್ಲ ಬಂದ್ ಮಾಡ್ಬ್ಯಾಡ. ಪ್ರಾಪ್ ವಿಮಾನದಂಗ ಥ್ರಾಟಲ್ ಕೊಟ್ಟ ಕೂಡ್ಲೇ ಎಲಿವೇಟರ್ (ಮೂಗು ಎತ್ತಿ ಇಳಿಸೋ ಬಾಲದ ಪಟ್ಟಿ) ಮ್ಯಾಲ ಗಾಳಿ ಬರಂಗಿಲ್ಲ, ಫ್ಯಾನ್ ಸ್ಪೀಡ್ ಹಿಡೀಲಾಕ ಹೊತ್ತು ಬೇಕು. ಸ್ಪೀಡ್ ಕಳ್ಕೊಂಡ ಹಾಕ್ ಒಂದು ರೆಕ್ಕಿ ಕೆಡವಿ ನೆಲಕ್ಕ ಬಡೀತದ.

ಮತ್ತ ಬೀದರದಾಗೇ ಹಾರಸ್ತೀನಿ ಅನ್ನೋದು ಬಿಟ್ಟುಬಿಡು. ಖರೇ ಹಾಕ್‌ಗಳು ದಿನಾ ಟ್ರೇನಿಂಗ್ ಹಾರೋ ಏರ್‌ಫೋರ್ಸ್ ಸ್ಟೇಷನ್ ಅದು, ಊರ ಸುತ್ತ ಹಾರ್ಸಿದ್ರ ಫೋಮ್ ಹೋದ್ರ ಹೋಗ್ಲಿ, ನೀನೇ ಸಿಕ್ಕಿ ಬೀಳ್ತಿ. 2021ರ ಡ್ರೋನ್ ರೂಲ್ಸ್ ಪ್ರಕಾರ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಾಗ ಕೆಂಪು, ಹಳದಿ, ಹಸಿರು ಜಾಗ ತೋರಸ್ತಾರ. ಹಸಿರಿನಾಗ 400 ಫೂಟ್ ತನಕ, ಏರ್‌ಪೋರ್ಟಿಂದ 8ರಿಂದ 12 ಕಿಲೋಮೀಟರ್ ನಡುವ ಆದ್ರ 200 ಫೂಟ್ ತನಕ. ನಮ್ಮ ಕಲಬುರಗಿಯಾಗೂ ಸರಡಗಿ ಹತ್ರ 2019ರಾಗ ಏರ್‌ಪೋರ್ಟ್ ಸುರು ಆಗ್ಯದ, ನಾವೂ ಮ್ಯಾಪ್ ನೋಡೇ ಹೊಲ ಆರಸ್ತೀವಿ. ಐತವಾರ ಬರ್ತೀನಂದ್ರ ಮೆಸೇಜ್ ಮಾಡು, ಬಂಜಿ ಸ್ಟ್ಯಾಂಡ್ ನನ್ನ ಹತ್ರ ಅದ.

ಉಳಿದಿದ್ದು ಗಡಬಡಿಲೆ ಹೇಳ್ತೀನಿ. ಫೆವಿಕ್ವಿಕ್ ಫೋಮ್ ತಿಂತದ, ಸ್ಪ್ರೇ ಪೇಂಟೂ ತಿಂತದ, ಕೆಂಪು ಬಿಳಿ ಎರಡೂ ನೀರಿನ ಅಕ್ರಿಲಿಕ್ಕೇ ಹಚ್ಚು, ಕೆಳಗ ಮ್ಯಾಲ ಡಿಸೈನ್ ಬ್ಯಾರೆ ಇರಲಿ, ದೂರ ಹೋದಾಗ ಹೊಟ್ಟಿ ಯಾವ್ದು ಬೆನ್ನು ಯಾವ್ದು ತಿಳೀಬೇಕು. ಹಾಟ್ ಗ್ಲೂ ಬಿಸಿಲಿನಾಗ ನಿಂತ ಕಾರೊಳಗ ಮೆತ್ತಗಾಗ್ತದ, ಫ್ಯಾನ್ ಕೂಡ್ಸಲಾಕ ಎಪಾಕ್ಸಿ ಬಳಸು. ಸಿಜಿ ರೆಕ್ಕಿಯ ಸರಾಸರಿ ಅಗಲದ (ಕಾರ್ಡ್) ಮುಂದಿನ ಅಂಚಿನಿಂದ 25 ಪರ್ಸೆಂಟಿಗೆ ಇಟ್ಟು ಸುರು ಮಾಡು. ಟೈಮರ್ ಮೂರು ನಿಮಿಷಕ್ಕ ಇಡು, 4000 ಬ್ಯಾಟರಿ ನಾಲ್ಕು ನಿಮಿಷ ಬರ್ತದ ಖರೇ, ಆದ್ರ ಒಂದು ಸಲ ಇಳಿಸೋದು ತಪ್ಪಿದ್ರ ಇನ್ನೊಂದು ಸುತ್ತಿಗೆ ಕರೆಂಟ್ ಉಳೀಬೇಕಲ್ಲ. ಡಕ್ಟ್ ಅಂಟ್ಸೋಕಿಂತ ಮೊದ್ಲ ಫೋಟೋ ಹಾಕು, ಬಾಯಿ ಅಳತಿ ಬರ್ದು ಹಾಕು, ನೋಡಿ ಹೇಳ್ತೀನಿ.