ಕಲ್ಲು ಎತ್ತುವ ತಮ್ಮನ ಎಕೋ ಆಯಿತೇ?

ಜಮಖಂಡಿಯ ಸಹೋದರಿಗೆ,

ನಾಲ್ಕು ಪುಟದ ನಿಮ್ಮ ಪತ್ರದ ಸಾರ ಇಷ್ಟು: ವಯಸ್ಸು 31, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಕಾಲೇಜಿನಲ್ಲಿದ್ದಾಗ ಕಣ್ಣಿನ ಲೆನ್ಸ್ ಜಾರಿ ಆಪರೇಷನ್ ಆಯಿತು. ಹೋದ ವರ್ಷ ಬೆಳಗಾವಿಯಲ್ಲಿ ಮಾರ್ಫಾನ್ ಸಿಂಡ್ರೋಮ್ ಅಂದರು, ಮೈಯ ಅಂಗಾಂಶಗಳನ್ನು ಹಿಡಿದಿಡುವ ನಾರು ಸೋಲುವ, ವಂಶದಲ್ಲಿ ಹರಿಯುವ ಕಾಯಿಲೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾ ಬುಡದಲ್ಲೇ 42 ಮಿಲಿಮೀಟರಿಗೆ ಹಿಗ್ಗಿದೆ, ದಿನಾ ಮಾತ್ರೆ. ಈಗ ಬಾಗಲಕೋಟೆಯ ಸಂಬಂಧವೊಂದು ಕೂಡಿಬಂದಿದೆ. ಹೇಳಬೇಕೋ, ಮುಚ್ಚಿಡಬೇಕೋ?

ಹೇಳಬೇಕು. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತೇ ಇದೆ, ಸೀರೆ ಆರಿಸುವ ಮೊದಲು ಫೈಲ್ ತೋರಿಸಬೇಕು. ಪ್ರತಿ ಮಗುವಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಬಸಿರಿನಲ್ಲಿ ಅಯೋರ್ಟಾದ ಮೇಲೆ ಭಾರ ಹೆಚ್ಚು. ಹುಡುಗ ಇದನ್ನೆಲ್ಲ ಡಾಕ್ಟರ ಮುಂದೆ ಕೂತೇ ಕೇಳಲಿ. ಎದ್ದು ಹೋದರೆ ಹೋಗಲಿ.

ನಾನು ಚಹಾದ ಕಪ್ಪು ಕೆಳಗಿಟ್ಟಿದ್ದು ಮೂರನೇ ಪುಟಕ್ಕೆ ಬಂದಾಗ. "ತಮ್ಮ ನನಗಿಂತ ಗೇಣುದ್ದ ಎತ್ತರ, ಆರಾಮ ಅದಾನ. ಈ ಸಲ ಜಾತ್ರ್ಯಾಗ ಸಂಗ್ರಾಣಿ ಕಲ್ಲು ಎತ್ತಿ ಬೆಳ್ಳಿ ಕಡಗ ಗೆದ್ದ." ಅಷ್ಟೇ ಬರೆದು ಮತ್ತೆ ವರನ ಮಾತಿಗೆ ಹೋಗಿಬಿಟ್ಟಿದ್ದೀರಿ! ಅದರ ಹಿಂದಿನ ಪುಟದಲ್ಲೇ ಅಪ್ಪ ಇದ್ದಾರೆ: 41ನೇ ವಯಸ್ಸಿಗೆ ಹೊಲದಲ್ಲಿ, ಬೆನ್ನು ಸೀಳಿದಂಗಾಗತೈತಿ ಎಂದು ಕೂತವರು ಏಳಲಿಲ್ಲ. ಊರವರು ಹಾರ್ಟ್ ಅಟ್ಯಾಕ್ ಅಂದರು. ಅಯೋರ್ಟಾ ಸೀಳಿರಬಹುದು ಎಂಬ ಅನುಮಾನ ನನಗೆ. ಹಾಗಿದ್ದರೆ ಅಪ್ಪನಿಂದ ನಿಮಗೆ ಬಂದದ್ದು ತಮ್ಮನಿಗೂ ಬಂದಿರಬಹುದು.

ಈ ಕಾಯಿಲೆಯಲ್ಲಿ ಕೆಟ್ಟಿರುವುದು ರಕ್ತನಾಳದ ಗೋಡೆಗೆ ನೂಲಿನಂತೆ ಬಲ ಕೊಡುವ ಫೈಬ್ರಿಲಿನ್ ಎಂಬ ಪ್ರೋಟೀನಿನ ಜೀನ್. ರಬಕವಿ ಮಗ್ಗದವರನ್ನು ಕೇಳಿ, ಹಾಸಿನ ನೂಲು ಸೋತರೆ ಬಟ್ಟೆ ಮೊದಲು ಜಗ್ಗುತ್ತದೆ, ಆಮೇಲೆ ಹರಿಯುತ್ತದೆ. ಉಸಿರು ಬಿಗಿಹಿಡಿದು ಕಲ್ಲನ್ನು ಎದೆಮಟ್ಟಕ್ಕೆ ತರುವಾಗ ರಕ್ತದೊತ್ತಡ ಒಮ್ಮೆಲೇ ಏರುತ್ತದಲ್ಲ, ಆ ಏಟು ಬೀಳುವುದು ಇಂಥ ಗೋಡೆಯ ಮೇಲೆ.

ನಿಮ್ಮ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಹೆದರಿದ್ದಾರೆ. ಸಿಟ್ಟು ಸೋದರಮಾವನ ಮೇಲೆ. "ಒಬ್ಬಾಕಿದ ಸಾಕು, ಹುಡುಗನ್ನೂ ತೋರಿಸಿದ್ರ ಮನಿತನದ ಹೆಸರು ಕೆಡತೈತಿ" ಅಂದರಂತೆ. ಕಡಗದ ಫೋಟೊದಲ್ಲಿ ಹುಡುಗನ ಹೆಗಲ ಮೇಲೆ ಕೈ ಹಾಕಿ ನಿಂತವರೂ ಇವರೇ ಇರಬೇಕು.

ವರನ ಮಾತು ಹದಿನೈದು ದಿನ ತಡೆಯಲಿ. ಈ ವಾರವೇ ತಮ್ಮನಿಗೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್, ಮಾಡಿಸಿ. ಈಸಿಜಿ ತೆಗೆದು ನಾರ್ಮಲ್ ಅಂದರೆ ಒಪ್ಪಬೇಡಿ, ಅದರಲ್ಲಿ ಅಯೋರ್ಟಾದ ಅಗಲ ಕಾಣುವುದಿಲ್ಲ. ನಿಮ್ಮ ಫೈಲ್ ಜೊತೆಗೆ ಒಯ್ದು "ಅಕ್ಕನಿಗೆ ಮಾರ್ಫಾನ್ ಐತಿ" ಅಂತ ಮೊದಲೇ ಹೇಳಿ. ಎಕೋ ಸರಿ ಬಂದರೂ ಜೀನ್ ಪರೀಕ್ಷೆಯ ಮಾತು ಎತ್ತದೆ ಎದ್ದು ಬರಬೇಡಿ. ಅಲ್ಲಿಯವರೆಗೆ ಅವನು ಕಲ್ಲೂ ಮುಟ್ಟಬಾರದು, ಗೊಬ್ಬರದ ಚೀಲವೂ ಮುಟ್ಟಬಾರದು. ನಡುವೆ ಎದೆಯೋ ಬೆನ್ನೋ ಫಕ್ಕನೆ ನೊಂದರೆ ಗ್ಯಾಸ್ ಮಾತ್ರೆ ಹುಡುಕದೆ ಸೀದಾ ದೊಡ್ಡ ಆಸ್ಪತ್ರೆಗೆ.

ಮುಂದಿನ ಪತ್ರಕ್ಕೆ ನಾಲ್ಕು ಪುಟ ಬೇಡ. ಅವನದು ಎಷ್ಟು ಮಿಲಿಮೀಟರ್ ಅಂತ ಒಂದು ಕಾರ್ಡು ಹಾಕಿ.