ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್‌ಗೆ ಮೊದಲ ಪಕ್ಕೆಲುಬನ್ನು ತೆಗೆಸಲೇಬೇಕೆ?

ಒಂದು ವರ್ಷದಿಂದ ಬಲಗೈಯ ಕಿರುಬೆರಳು ಮತ್ತು ಉಂಗುರದ ಬೆರಳಿಗೆ ಜೋಮು ಹಿಡಿಯುತ್ತಿದೆ, ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ತೋಳು ಸೋತುಹೋಗುತ್ತದೆ, ಕತ್ತಿನ ಎಂಆರ್‌ಐ ಹಾಗೂ ನರಗಳ ಪರೀಕ್ಷೆ ಎರಡರಲ್ಲೂ ದೋಷ ಕಂಡಿಲ್ಲ, ಆದರೂ ಶಸ್ತ್ರವೈದ್ಯರು ಮೊದಲ ಪಕ್ಕೆಲುಬನ್ನು ತೆಗೆಯೋಣ ಎನ್ನುತ್ತಿದ್ದಾರೆ, ಒಪ್ಪಿಕೊಳ್ಳಲೇ ಎಂದು ಕೇಳಿದ್ದೀರಿ. ನಾನು ಶಸ್ತ್ರವೈದ್ಯನಲ್ಲ, ಈ ಶಸ್ತ್ರಚಿಕಿತ್ಸೆಗೆ ಮೊದಲೂ ಅನಂತರವೂ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್. ನಿಮ್ಮನ್ನು ನೋಡದೆ ಹೌದು ಅಥವಾ ಬೇಡ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಪಕ್ಕೆಲುಬು ತೆಗೆಸಬೇಕೇ ಎಂಬುದಕ್ಕಿಂತ ಮೊದಲು, ಅದುಮಿಹೋಗಿರುವುದು ಯಾವುದು ಮತ್ತು ಎಲ್ಲಿ ಎಂಬುದು ಇತ್ಯರ್ಥವಾಗಬೇಕು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಗುಚ್ಛ, ತೋಳಿಗೆ ರಕ್ತ ಒಯ್ಯುವ ಅಪಧಮನಿ ಮತ್ತು ಅಲ್ಲಿಂದ ರಕ್ತವನ್ನು ಹಿಂದಕ್ಕೆ ತರುವ ಅಭಿಧಮನಿ, ಈ ಮೂರೂ ಕಾಲರ್‌ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವಿನ ಕಿಷ್ಕಿಂಧೆಯಂಥ ಜಾಗದಲ್ಲಿ ಹಾದುಹೋಗಬೇಕು. ನರಗಳೂ ಅಪಧಮನಿಯೂ ಅದಕ್ಕಿಂತ ಸ್ವಲ್ಪ ಮೇಲೆ ಕತ್ತಿನ ಎರಡು ಸ್ಕೇಲೀನ್ ಸ್ನಾಯುಗಳ ಸಂದಿನಲ್ಲಿ ನುಸುಳಿ ಬರುತ್ತವೆ. ಅಭಿಧಮನಿ ಮಾತ್ರ ಮುಂದಿನ ಸ್ನಾಯುವಿನ ಎದುರಿನಿಂದ ಸಾಗುತ್ತದೆ. ಇನ್ನೂ ಕೆಳಗೆ, ಎದೆಯ ಮೇಲ್ಭಾಗದ ಪೆಕ್ಟೊರಾಲಿಸ್ ಮೈನರ್ ಎಂಬ ಸ್ನಾಯುವಿನ ಅಡಿಯಲ್ಲಿಯೂ ನರಗಳು ಸಿಕ್ಕಿಕೊಳ್ಳುವುದುಂಟು. ಈ ದಾರಿಯಲ್ಲಿ ಇವು ಅದುಮಿಹೋಗಿ ಬರುವ ತೊಂದರೆಯೇ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಈ ರೋಗವಿರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದುಮಿಹೋಗುವುದು ನರ. ನೀವು ಹೇಳಿದ ಲಕ್ಷಣಗಳೂ ಆ ಬಗೆಯವೇ.

ನರಗಳ ಪರೀಕ್ಷೆ ಸರಿಯಾಗಿದೆ ಎಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ನರದ ಬಗೆಯ ಬಹುತೇಕ ರೋಗಿಗಳಲ್ಲಿ ಆ ಪರೀಕ್ಷೆ ಸಹಜವಾಗಿಯೇ ಬರುತ್ತದೆ. ಮಣಿಕಟ್ಟಿನಲ್ಲೋ ಮೊಣಕೈಯಲ್ಲೋ ನರ ಸಿಕ್ಕಿಕೊಂಡಿಲ್ಲ, ಕತ್ತಿನ ಡಿಸ್ಕ್ ಒತ್ತುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳುವುದು ಅದರ ಮುಖ್ಯ ಉಪಯೋಗ. ಹೆಬ್ಬೆರಳಿನ ಬುಡದ ಮಾಂಸಖಂಡ ಕರಗುತ್ತಿದ್ದರೆ ಮಾತು ಬೇರೆ. ಅಂಥವರಲ್ಲಿ ಪರೀಕ್ಷೆಯೂ ದೋಷ ತೋರಿಸುತ್ತದೆ, ಕಾಯುತ್ತ ಕೂರುವುದೂ ಸರಿಯಲ್ಲ. ಕತ್ತಿನ ಒಂದು ಎಕ್ಸ್‌ರೇ ಆಗಿದೆಯೇ ನೋಡಿಕೊಳ್ಳಿ. ಕೆಲವರಿಗೆ ಕತ್ತಿನ ಏಳನೆಯ ಕಶೇರುವಿನಿಂದ ಒಂದು ಹೆಚ್ಚುವರಿ ಪಕ್ಕೆಲುಬು ಹುಟ್ಟಿನಿಂದಲೇ ಇರುತ್ತದೆ, ಹಾಗಿರುವವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಯಾವ ತೊಂದರೆಯೂ ಆಗುವುದಿಲ್ಲ.

ಹಾಗಾದರೆ ರೋಗವನ್ನು ಗುರುತಿಸುವುದು ಹೇಗೆ? ಬಹುಪಾಲು ಕೈಯಿಂದಲೇ ಪರೀಕ್ಷಿಸಿ. ಕಾಲರ್‌ಬೋನಿನ ಮೇಲಿನ ಗುಳಿಯಲ್ಲಿ ಬೆರಳೊತ್ತಿದಾಗ ಕೈಗೆ ಜೋಮು ಇಳಿಯುತ್ತದೆಯೇ ಎಂದು ನೋಡುತ್ತೇವೆ. ಆಮೇಲೆ ಎರಡೂ ತೋಳುಗಳನ್ನು ಹೆಗಲಿನ ಮಟ್ಟಕ್ಕೆ ಎತ್ತಿಸಿ, ಮೊಣಕೈ ಮಡಿಸಿ, ಮೂರು ನಿಮಿಷ ಮುಷ್ಟಿಯನ್ನು ನಿಧಾನವಾಗಿ ಬಿಗಿದು ಬಿಡಲು ಹೇಳುತ್ತೇವೆ. ಆರೋಗ್ಯವಂತರು ತೋಳು ನೋಯುತ್ತದೆ ಎಂದು ಗೊಣಗಿಕೊಂಡಾದರೂ ಮುಗಿಸುತ್ತಾರೆ. ಈ ಕಾಯಿಲೆ ಇರುವವರಲ್ಲಿ ಹಲವರು ಮೊದಲ ನಿಮಿಷ ಮುಗಿಯುವಷ್ಟರಲ್ಲಿ ತೊಂದರೆ ಇರುವ ಕೈಯನ್ನು ತಾವಾಗಿಯೇ ಕೆಳಗಿಳಿಸಿ ಒದರಿಕೊಳ್ಳುತ್ತಾರೆ. ಕತ್ತು ತಿರುಗಿಸಿದಾಗ ನಾಡಿ ನಿಂತಿತು ಎಂಬುದೊಂದನ್ನೇ ಆಧರಿಸಿ ಯಾರಾದರೂ ರೋಗವನ್ನು ಖಚಿತಪಡಿಸಿದ್ದರೆ ಎರಡನೆಯ ಅಭಿಪ್ರಾಯ ಪಡೆಯಿರಿ, ಏಕೆಂದರೆ ಆರೋಗ್ಯವಂತರಲ್ಲಿಯೂ ಹಾಗೆ ನಾಡಿ ಮರೆಯಾಗುವುದು ಅಪರೂಪವಲ್ಲ.

ನಿಮ್ಮ ವೈದ್ಯರನ್ನು ನೀವು ತಪ್ಪದೆ ಕೇಳಬೇಕಾದದ್ದು ಸ್ಕೇಲೀನ್ ಬ್ಲಾಕ್ ಬಗ್ಗೆ. ಅಲ್ಟ್ರಾಸೌಂಡ್ ನೋಡಿಕೊಂಡು ಮುಂದಿನ ಸ್ಕೇಲೀನ್ ಸ್ನಾಯುವಿಗೆ ಸ್ವಲ್ಪ ಅರಿವಳಿಕೆ ಚುಚ್ಚುತ್ತಾರೆ. ಸ್ನಾಯು ಸಡಿಲವಾಗಿ, ಔಷಧದ ಪ್ರಭಾವವಿರುವಷ್ಟು ಹೊತ್ತು ನೋವು ಮತ್ತು ಜೋಮು ಗಣನೀಯವಾಗಿ ಇಳಿದರೆ ಶಸ್ತ್ರಚಿಕಿತ್ಸೆಯಿಂದಲೂ ಪ್ರಯೋಜನವಾಗುವ ಸಾಧ್ಯತೆ ಹೆಚ್ಚು. ಪೆಕ್ಟೊರಾಲಿಸ್ ಮೈನರ್‌ಗೆ ಚುಚ್ಚಿದಾಗಲೇ ಹೆಚ್ಚು ಆರಾಮ ಸಿಕ್ಕಿದರೆ, ಆ ಸ್ನಾಯುವಿನ ಸ್ನಾಯುರಜ್ಜುವನ್ನು ಕತ್ತರಿಸುವ ಚಿಕ್ಕ ಶಸ್ತ್ರಚಿಕಿತ್ಸೆಯೇ ಸಾಕಾಗಬಹುದು, ಪಕ್ಕೆಲುಬನ್ನು ಮುಟ್ಟುವ ಅಗತ್ಯವೇ ಬೀಳದಿರಬಹುದು. ಇದರ ಜೊತೆಗೆ, ಈ ಕಾಯಿಲೆಯನ್ನು ಬಲ್ಲವರ ಕೈಯಲ್ಲಿ ಮೂರು ತಿಂಗಳಾದರೂ ಫಿಸಿಯೋಥೆರಪಿ ಆಗಿರಬೇಕು. ಬಲ್ಲವರು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಕತ್ತನ್ನು ಜಗ್ಗಿಸಿ, ಭಾರ ಎತ್ತಿಸಿ ನರವನ್ನು ಇನ್ನಷ್ಟು ಕೆರಳಿಸಿದ ಮೇಲೆ ‘ವ್ಯಾಯಾಮ ವಿಫಲವಾಯಿತು’ ಎಂದು ಬರೆಸಿಕೊಂಡು ಬರುವವರನ್ನು ನಾನು ಆಗಾಗ ನೋಡುತ್ತೇನೆ.

ಇನ್ನು ಶಸ್ತ್ರಚಿಕಿತ್ಸೆ. 1927ರಲ್ಲಿ ಆಡ್ಸನ್ ಮತ್ತು ಕಾಫಿ ಎಂಬ ವೈದ್ಯರು ಸ್ಕೇಲೀನ್ ಸ್ನಾಯುವನ್ನು ಕತ್ತರಿಸಿ ಬಿಡುವ ವಿಧಾನವನ್ನು ವಿವರಿಸಿದರು. ಆದರೆ ಸ್ನಾಯುವನ್ನು ಬರಿದೆ ಕತ್ತರಿಸಿ ಬಿಟ್ಟರೆ ಅದು ಮತ್ತೆ ಅಂಟಿಕೊಂಡು ಹಳೆಯ ತೊಂದರೆ ಮರುಕಳಿಸುತ್ತಿತ್ತು. 1966ರಲ್ಲಿ ಶಸ್ತ್ರವೈದ್ಯ ಡೇವಿಡ್ ರೂಸ್ ಕಂಕುಳಿನ ಮೂಲಕ ಮೊದಲ ಪಕ್ಕೆಲುಬನ್ನು ತೆಗೆಯುವ ದಾರಿಯನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಗಾಯದ ಗುರುತು ಕಂಕುಳಲ್ಲಿ ಮರೆಯಾಗುತ್ತದೆ, ಆದರೆ ಶಸ್ತ್ರವೈದ್ಯರು ಆಳವಾದ ಇಕ್ಕಟ್ಟಿನಲ್ಲಿ ಕೆಲಸ ಮಾಡಬೇಕಾಗುತ್ತದೆ. ಕಾಲರ್‌ಬೋನಿನ ಮೇಲ್ಗಡೆ ಕೊಯ್ದು ಹೋಗುವ ಇನ್ನೊಂದು ದಾರಿಯಲ್ಲಿ ಸ್ಕೇಲೀನ್ ಸ್ನಾಯುಗಳನ್ನು ಪೂರ್ತಿ ತೆಗೆದು, ನರಗಳಿಗೆ ಅಂಟಿದ ನಾರುಪಟ್ಟಿಗಳನ್ನು ಕಣ್ಣೆದುರೇ ಬಿಡಿಸಬಹುದು. ನರದ ಬಗೆಗೆ ನನಗೆ ಈ ದಾರಿಯೇ ಹೆಚ್ಚು ತರ್ಕಬದ್ಧವಾಗಿ ಕಾಣುತ್ತದೆ. ಆದರೂ ನಿಮ್ಮ ಶಸ್ತ್ರವೈದ್ಯರಿಗೆ ಯಾವುದು ಕೈಗೂಡಿದೆಯೋ ಅದೇ ನಿಮಗೆ ಸುರಕ್ಷಿತ.

ಎಲುಬನ್ನೇ ತೆಗೆದರೆ ಎದೆಗೂಡು ಕುಸಿಯುವುದಿಲ್ಲವೇ ಎಂಬ ಭಯ ನಿಮ್ಮ ಪ್ರಶ್ನೆಯಲ್ಲಿ ಇಣುಕುತ್ತಿದೆ. ಇಲ್ಲ. ಅದು ಗಿಡ್ಡ, ಚಪ್ಪಟೆ ಎಲುಬು, ಕಾಲರ್‌ಬೋನಿನ ಹಿಂದೆ ಅಡಗಿರುತ್ತದೆ. ತೆಗೆದದ್ದು ಹೊರಗೆ ಕಾಣುವುದೂ ಇಲ್ಲ, ಉಸಿರಾಟಕ್ಕೆ ಅದರ ಕೊರತೆ ತಟ್ಟುವುದೂ ಇಲ್ಲ. ಭಯಪಡಬೇಕಾದದ್ದು ಎಲುಬಿಗಲ್ಲ, ಅದರ ನೆರೆಹೊರೆಗೆ. ಕೆಳಗೆ ಶ್ವಾಸಕೋಶದ ಹೊದಿಕೆ ತಾಗಿಕೊಂಡೇ ಇರುವುದರಿಂದ ಅದು ತೂತಾಗಿ ಎದೆಯೊಳಗೆ ಗಾಳಿ ಸೇರಬಹುದು; ಆಗ ಒಂದೆರಡು ದಿನ ಕೊಳವೆ ಇಡಬೇಕಾಗಬಹುದು. ಮುಂದಿನ ಸ್ಕೇಲೀನ್ ಮೇಲೆ ಹಾದುಹೋಗುವ ಫ್ರೆನಿಕ್ ನರಕ್ಕೆ ಪೆಟ್ಟಾದರೆ ಆ ಬದಿಯ ವಪೆ ಮಂಕಾಗಿ, ಮಲಗಿದಾಗ ಏದುಸಿರು ಬರಬಹುದು. ಲಾಂಗ್ ಥೊರಾಸಿಕ್ ನರ ನೊಂದರೆ ಹೆಗಲ ಹಲಗೆ ಬೆನ್ನಿನಿಂದ ರೆಕ್ಕೆಯಂತೆ ಹೊರಚಾಚುತ್ತದೆ. ಕಂಕುಳಿನ ದಾರಿಯಲ್ಲಿ ತೋಳಿನ ಒಳಬದಿ ಮರಗಟ್ಟುವುದು ಸಾಮಾನ್ಯ. ಇವುಗಳಲ್ಲಿ ಹೆಚ್ಚಿನವು ತಾತ್ಕಾಲಿಕ; ದೊಡ್ಡ ರಕ್ತನಾಳಕ್ಕೆ ಗಾಯವಾಗುವುದು ವಿರಳ, ಆದರೆ ಹಾಗಾದಲ್ಲಿ ಪ್ರಾಣಾಪಾಯ. ಆದ್ದರಿಂದ ಈ ಶಸ್ತ್ರಚಿಕಿತ್ಸೆಯನ್ನು ವರ್ಷಕ್ಕೆ ಎಷ್ಟು ಬಾರಿ ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ನುರಿತವರು ಇದಕ್ಕೆ ಬೇಸರಿಸುವುದಿಲ್ಲ.

ಫಲಿತಾಂಶದ ವಿಷಯದಲ್ಲಿ ಸರಿಯಾಗಿ ಆಯ್ಕೆಯಾದ ರೋಗಿಗಳಲ್ಲಿ ಹೆಚ್ಚಿನವರು ಸುಧಾರಿಸುತ್ತಾರೆ, ಆದರೆ ಎಲ್ಲರ ಕೈಯೂ ಮೊದಲಿನಂತೆಯೇ ಆಗುತ್ತದೆ ಎನ್ನಲಾಗದು. ವಯಸ್ಸು ಚಿಕ್ಕದಿದ್ದು, ತೊಂದರೆ ಹಳೆಯದಾಗದೆ, ಬ್ಲಾಕ್‌ನಿಂದ ಆರಾಮ ಸಿಕ್ಕವರಿಗೆ ಅವಕಾಶ ಚೆನ್ನಾಗಿರುತ್ತದೆ. ಹಲವು ವರ್ಷಗಳ ನೋವು, ಖಿನ್ನತೆ, ಮಾರ್ಫಿನ್ ಜಾತಿಯ ಮಾತ್ರೆಗಳ ಅವಲಂಬನೆ ಇದ್ದರೆ ಅಷ್ಟು ಚೆನ್ನಾಗಿರುವುದಿಲ್ಲ. ಎಲುಬಿನ ಹಿಂದಿನ ತುಂಡು ಉಳಿದುಬಿಟ್ಟರೆ ಅಥವಾ ಗಾಯದ ಕಲೆಯ ನಾರು ನರಗಳನ್ನು ಸುತ್ತಿಕೊಂಡರೆ ತೊಂದರೆ ಮರಳುವುದುಂಟು.

ಇಷ್ಟು ಯೋಚಿಸಿ ಹೆಜ್ಜೆಯಿಡಿ ಎಂಬ ನನ್ನ ಮಾತು ನರದ ಬಗೆಗೆ ಮಾತ್ರ ಅನ್ವಯಿಸುತ್ತದೆ. ಇದ್ದಕ್ಕಿದ್ದಂತೆ ಇಡೀ ತೋಳು ಊದಿಕೊಂಡು ನೀಲಿಗಟ್ಟಿದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಶಂಕಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಅಂಥಲ್ಲಿ ಹೆಪ್ಪನ್ನು ಕರಗಿಸುವ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ ಚೆನ್ನಾಗಿ ಫಲಿಸುತ್ತದೆ, ಅದಾದ ಮೇಲೆ ಪಕ್ಕೆಲುಬನ್ನು ತೆಗೆಯುತ್ತಾರೆ. ಎಲುಬು ಅಲ್ಲೇ ಇರುವಾಗ ಸ್ಟೆಂಟ್ ಹಾಕಿದರೆ ಅದು ಎರಡು ಎಲುಬುಗಳ ನಡುವೆ ಜಜ್ಜಿಹೋಗುತ್ತದೆ. ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ತುದಿಯಲ್ಲಿ ಕಪ್ಪು ಚುಕ್ಕೆ ಮೂಡಿದರೆ ಅದು ಅಪಧಮನಿಯ ಸಮಸ್ಯೆ, ಅದಕ್ಕೂ ವ್ಯಾಯಾಮ ಮದ್ದಲ್ಲ.

ನೀವು ಒಪ್ಪಿ ಮುಂದುವರಿದರೆ, ಮರುದಿನದಿಂದಲೇ ದೀರ್ಘ ಉಸಿರಾಟ, ಕತ್ತು ತಿರುಗಿಸುವುದು, ನರ ಜಾರಿಸುವ ಮೆಲುವಾದ ಚಲನೆಗಳನ್ನು ಆರಂಭಿಸುತ್ತೇವೆ, ಗಾಯ ಮಾಯುವಾಗ ನರಗಳು ಅಲ್ಲಿಯೇ ಅಂಟಿಕೊಳ್ಳದಿರಲಿ ಎಂದು. ಮೇಜಿನ ಮುಂದಿನ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕಾರು ವಾರಗಳಲ್ಲಿ ಮರಳಬಹುದು, ಭಾರ ಎತ್ತುವುದಕ್ಕೆ ಮೂರು ತಿಂಗಳಾದರೂ ಬೇಕು. ಕೆಲವು ವಾರಗಳಾದ ಮೇಲೆ ಹಳೆಯ ಜೋಮು ಮತ್ತೆ ತಲೆಯೆತ್ತಿ, ಇಷ್ಟೆಲ್ಲ ಮಾಡಿಸಿಕೊಂಡದ್ದು ವ್ಯರ್ಥವಾಯಿತೇನೋ ಎನ್ನಿಸುವ ಹಂತ ಹಲವರಿಗೆ ಬರುತ್ತದೆ. ಆಗ ವ್ಯಾಯಾಮವನ್ನು ನಿಲ್ಲಿಸದೆ, ಹೆಚ್ಚಿಸದೆ, ಅಷ್ಟಕ್ಕೇ ಉಳಿಸಿಕೊಂಡು ಫಿಸಿಯೋಥೆರಪಿಸ್ಟ್‌ಗೆ ತಿಳಿಸಿ. ನರ ಚೇತರಿಸಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ಒಂದು ವರ್ಷವೂ ಆಗುತ್ತದೆ.