ಓನರ್‌ಗೆ ರಜೆ ಕೊಡುವವರು ಯಾರು?

ನನ್ನ ಹತ್ತಿರ ಆಪ್ತಸಲಹೆಗೆ ಬಂದ ಇವರನ್ನು ಇಲ್ಲಿ ‘ಓನರ್’ ಎಂದೇ ಕರೆಯುತ್ತೇನೆ. ಅವರ ವರ್ಕ್‌ಶಾಪ್‌ನಲ್ಲಿ ಎಲ್ಲರೂ ಕರೆಯುವುದು ಹಾಗೇ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ವಯಸ್ಸು 47. ಪೀಣ್ಯದಲ್ಲಿ ಸಣ್ಣ ಮೆಷಿನ್ ಶಾಪ್. ಐಟಿಐ ಮುಗಿಸಿ ಟರ್ನರ್ ಆಗಿ, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಕೆಲಸಕ್ಕೆ, ಬೆಂಗಳೂರಿಗೆ ಬಂದವರು. ಹತ್ತು ವರ್ಷ ಬೇರೆಯವರ ಲೇತ್ ಮೇಲೆ ದುಡಿದು, ಆಮೇಲೆ ಒಂದು ಹಳೇ ಲೇತನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ಸ್ವಂತ ಶೆಡ್ ಶುರು ಮಾಡಿದರು. ಈಗ ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಮೆಷಿನ್, ಒಂಬತ್ತು ಜನ ಹುಡುಗರು. ಬೆಳಿಗ್ಗೆ 7ಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ 9ಕ್ಕೆ. ಭಾನುವಾರ “ಅರ್ಧ ದಿನ ಅಷ್ಟೇ”.

ಕರೆದುಕೊಂಡು ಬಂದಿದ್ದು ಹೆಂಡತಿ. ಮೊದಲ ದಿನ ಆಕೆ ಹೇಳಿದ್ದು ಇಷ್ಟೇ: “ನಮ್ಮ ಮನೆ ಇವರಿಗೆ ಲಾಡ್ಜ್ ಆಗಿದೆ ಮೇಡಂ. ದುಡ್ಡು ಮಾತ್ರ ಸರಿಯಾಗಿ ಕೊಡ್ತಾರೆ, ಅದಕ್ಕೆ ಏನೂ ಹೇಳೋ ಹಾಗಿಲ್ಲ.” ಓನರ್ ನೆಲ ನೋಡುತ್ತಾ ಕೂತಿದ್ದರು. ನಿದ್ದೆ ಬರಲ್ಲ, ಊಟ ರುಚಿಸಲ್ಲ, ರಾತ್ರಿ ಎರಡು ಗಂಟೆಗೆ ಎಚ್ಚರ ಆದರೆ ‘ಇದೆಲ್ಲ ಯಾಕೆ’ ಅನ್ನಿಸುತ್ತೆ ಅಂದರು.

ಆ ‘ಯಾಕೆ’ಯನ್ನು ಸುಮ್ನೆ ಬಿಡಬಾರದು. “ಬದುಕೋದೇ ಬೇಡ ಅನ್ನಿಸಿದೆಯಾ?” ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಎಂದು ತುಂಬ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಇವರು ಇಲ್ಲ ಎಂದರು. ಹೌದು ಎಂದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಆದರೂ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಸರ್ಕಾರದ ಉಚಿತ ಸಹಾಯವಾಣಿ ಅದು, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ಬಿಪಿ, ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಬಿಪಿ ಜಾಸ್ತಿ ಇತ್ತು. ಮಾತ್ರೆ ಶುರುವಾಯಿತು.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ವರದಿ ಕೊಟ್ಟವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35% ಜಾಸ್ತಿ, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಜಾಸ್ತಿ. ಇದನ್ನು ಹೇಳಿದಾಗ ಅವರು ಮೊದಲ ಸಲ ನಕ್ಕರು. “55 ಗಂಟೆನಾ? ಅದು ನನಗೆ ಗುರುವಾರ ರಾತ್ರಿಗೇ ಮುಗಿದುಹೋಗುತ್ತೆ.”

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಎಲ್ಲರೂ ಕೊಡುವ ಸಲಹೆಯನ್ನೇ ಕೊಟ್ಟೆ: ಭಾನುವಾರ ಪೂರ್ತಿ ರಜೆ ಮಾಡಿ, ಮನೆಯವರ ಜೊತೆ ಎಲ್ಲಾದರೂ ಹೋಗಿಬನ್ನಿ. ಅವರು ಅದನ್ನು ಆರ್ಡರ್ ತೆಗೆದುಕೊಂಡ ಹಾಗೆ ತೆಗೆದುಕೊಂಡರು. ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸಿ ನಂದಿಬೆಟ್ಟಕ್ಕೆ ಹೊರಡಿಸಿದರು. ಇಡೀ ಬೆಂಗಳೂರೇ ಅವತ್ತು ಅಲ್ಲಿಗೆ ಹೊರಟಿತ್ತಂತೆ. ಸೂರ್ಯ ಹುಟ್ಟಿದ್ದನ್ನು ಕಾರಿನ ಗಾಜಿನೊಳಗಿಂದ, ಮುಂದಿನ ಕಾರಿನ ಹಿಂಭಾಗದ ಮೇಲೆ ನೋಡಿದರು. ಮಗಳ ಮೇಲೆ ಕೂಗಾಡಿದರು. ವಾಪಸ್ ಬರುವಾಗ ಯಾರೂ ಮಾತಾಡಲಿಲ್ಲ. “ಎಂಜಾಯ್ ಮಾಡೋದೂ ಒಂದು ಟಾರ್ಗೆಟ್ ಆಯ್ತಲ್ಲ ಮೇಡಂ” ಅಂದರು. ಅವರ ಮಾತು ಸರಿಯಾಗಿಯೇ ಇತ್ತು.

ಹಾಗಾಗಿ ಸಲಹೆ ನಿಲ್ಲಿಸಿ ಲೆಕ್ಕ ಶುರು ಮಾಡಿದೆವು. ಲೆಕ್ಕ ಅವರಿಗೆ ಚೆನ್ನಾಗಿ ಬರುತ್ತದೆ. ಒಂದು ನೋಟ್‌ಬುಕ್. ಎರಡು ಗಂಟೆಗೊಮ್ಮೆ ಏನು ಮಾಡಿದೆ ಎಂದು ಒಂದು ಸಾಲು. ಪಕ್ಕದಲ್ಲಿ ಎರಡು ಅಂಕಿ, ಸೊನ್ನೆಯಿಂದ ಹತ್ತರೊಳಗೆ: ಏನೋ ಸಾಧಿಸಿದೆ ಅನ್ನಿಸಿದ್ದು ಎಷ್ಟು, ಖುಷಿ ಎಷ್ಟು. ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1970ರ ದಶಕದಲ್ಲಿ ಖಿನ್ನತೆಯ ಚಿಕಿತ್ಸೆಯಲ್ಲಿ ಬಳಸಿದ ವಿಧಾನ. ನೆನಪು ನಮಗೆ ಮೋಸ ಮಾಡುತ್ತದೆ. ಬೇಸರದಲ್ಲಿರುವವರಿಗೆ ಇಡೀ ವಾರವೇ ಕಪ್ಪಾಗಿ ಕಾಣುತ್ತದೆ. ಆಗಿಂದಾಗಲೇ ಬರೆದರೆ ಕಪ್ಪಿನ ನಡುವೆ ಬೇರೆ ಬಣ್ಣವೂ ಸಿಗುತ್ತದೆ.

ಎರಡು ವಾರದ ಪುಸ್ತಕ ತಂದರು. ಗ್ರೀಸ್ ಮೆತ್ತಿದ ಹಾಳೆಗಳು. ಬಹುತೇಕ ಕಡೆ ಖುಷಿ 1, 2. ಮಾಲ್‌ಗೆ ಹೋಗಿದ್ದಕ್ಕೆ 1. ಟಿವಿಗೆ 2. ಪೇಮೆಂಟ್ ಫಾಲೋಅಪ್‌ಗೆ ದೊಡ್ಡದಾಗಿ ಸೊನ್ನೆ. ಆದರೆ ಒಂದು ಮಂಗಳವಾರ ಮಧ್ಯಾಹ್ನ ಮಾತ್ರ 9 ಇತ್ತು. ಏನಿದು ಅಂದೆ.

ಹೊಸದಾಗಿ ಸೇರಿದ ಐಟಿಐ ಹುಡುಗನೊಬ್ಬನಿಗೆ ಹಳೇ ಲೇತ್‌ನ ಟೂಲ್ ಗ್ರೈಂಡಿಂಗ್, ಅಂದರೆ ಲೋಹ ಕಡೆಯುವ ಉಳಿಗೆ ಸಾಣೆ ಹಿಡಿಯುವುದನ್ನು, ಹೇಳಿಕೊಟ್ಟಿದ್ದರಂತೆ. ಮುಕ್ಕಾಲು ಗಂಟೆ. “ಟೂಲ್ ಮೊಂಡಾಗಿದ್ರೆ ಶಬ್ದದಲ್ಲೇ ಗೊತ್ತಾಗುತ್ತೆ ಮೇಡಂ, ಕೀರಲು ಶಬ್ದ. ಸರಿಯಾಗಿ ಕೂತ್ರೆ ಒಂಥರಾ ‘ಸ್ಸ್’ ಅಂತ ಬರುತ್ತೆ. ಆ ಹುಡುಗನಿಗೆ ಅದು ಕೇಳಿಸ್ತು ನೋಡಿ...” ಕೈ ಆಡಿಸುತ್ತಾ ಹೇಳುತ್ತಿದ್ದರು. ಅಷ್ಟು ದಿನದಲ್ಲಿ ಅವರ ಮುಖ ನಾನು ಹಾಗೆ ನೋಡಿರಲಿಲ್ಲ. ಆಯುಧಪೂಜೆಗೆ ಇವತ್ತಿಗೂ ಆ ಲೇತನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ತಾವೇ ಒರೆಸಿ ಮೊದಲ ಕುಂಕುಮ ಅದಕ್ಕೇ ಇಡುತ್ತಾರೆ ಎಂದು ಹೆಂಡತಿ ಸೇರಿಸಿದರು.

ಕೆಲಸ ಜಾಸ್ತಿ, ಸುಖ ಕಡಿಮೆ ಎಂದು ನಾವು ಮೂವರೂ ಅಂದುಕೊಂಡಿದ್ದೆವು. ಪುಸ್ತಕ ಬೇರೆ ಹೇಳುತ್ತಿತ್ತು. ಅವರಿಗೆ ಇಷ್ಟವಾದ ಕೆಲಸ ವಾರಕ್ಕೆ ಒಂದು ಗಂಟೆಯೂ ಇರಲಿಲ್ಲ. ಮೂರನೇ ಮೆಷಿನ್ ಬಂದ ಮೇಲೆ ಟರ್ನರ್ ಮಾಯವಾಗಿ ಕೊಟೇಶನ್, ಇಎಂಐ, ವಸೂಲಿ ಮಾಡುವವರೊಬ್ಬರು ಉಳಿದಿದ್ದರು. ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಕಾಯ್ದೆ ಇದೆಯಲ್ಲ ಎಂದು ಕೇಳಿದೆ, ಸ್ವಲ್ಪ ಬುದ್ಧಿವಂತಿಕೆ ತೋರಿಸಲು. “ಕಾಯ್ದೆ ಇದೆ. ದೂರು ಕೊಟ್ರೆ ಮುಂದಿನ ಆರ್ಡರ್ ಇರಲ್ಲ” ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಶೆಡ್‌ನಲ್ಲಿ ‘ಕಾಯಕವೇ ಕೈಲಾಸ’ ಎಂಬ ಬೋರ್ಡ್ ಇದೆಯಂತೆ. ಅದನ್ನು ತಮ್ಮ ಪರ ಸಾಕ್ಷಿಯಾಗಿ ಹೇಳಿದರು. ಆ ಮಾತು ಬರುವುದು 12ನೇ ಶತಮಾನದ ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ನಮಗೆ ಇಷ್ಟೊಂದು ಯಾಕೆ, ವಾಪಸ್ ಸುರಿದು ಬಾ ಎಂದು ಕಳಿಸಿದಳು. ಕತೆ ಹೇಳಿ ಮುಗಿಸುವಷ್ಟರಲ್ಲಿ ಓನರ್ ಹೆಂಡತಿ ಜೋರಾಗಿ ನಗುತ್ತಿದ್ದರು. “ಬೋರ್ಡ್‌ನಲ್ಲಿ ಅವಳ ಮಾತೂ ಹಾಕಿಸಿ!”

ಆ ನಗುವಿನಲ್ಲೇ ನಿಜವಾದ ಕೆಲಸ ನಡೆಯಿತು. ಒಂದು ಹಾಳೆಯಲ್ಲಿ ‘ಸಾಕು’ ಎಂದು ಬರೆದು, ಕೆಳಗೆ ಇಎಂಐ, ಹುಡುಗರ ಸಂಬಳ, ಮನೆ ಖರ್ಚು, ಮಗಳ ಫೀಸು, ಕಷ್ಟಕಾಲಕ್ಕೆ ಒಂದಿಷ್ಟು ಎಂದು ಇಬ್ಬರೂ ಸೇರಿ ಹಾಕಿದರು. ಅಷ್ಟು ವರ್ಷದ ಸಂಸಾರದಲ್ಲಿ ಈ ಲೆಕ್ಕವನ್ನು ಒಟ್ಟಿಗೆ ಹಾಕಿದ್ದು ಅದೇ ಮೊದಲಂತೆ. ರಾತ್ರಿಯೆಲ್ಲ ಫೋನ್ ಮಾಡಿ, ದುಡ್ಡು ಮಾತ್ರ ತಿಂಗಳುಗಟ್ಟಲೆ ಎಳೆಯುವ ಒಬ್ಬ ಗಿರಾಕಿ ಇಲ್ಲದಿದ್ದರೂ ಆ ಮೊತ್ತ ತಲುಪುತ್ತಿತ್ತು.

ನಾನು ಕೊಟ್ಟ ಸಲಹೆ ಕಡಿಮೆಯೇ. ಆ ಗಿರಾಕಿಯ ಹೊಸ ಆರ್ಡರ್ ಬೇಡ. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಲೇತ್ ಹತ್ತಿರ ಹುಡುಗರಿಗೆ ಪಾಠ. ಆಗ ಫೋನ್ ಸೂಪರ್‌ವೈಸರ್ ಕೈಯಲ್ಲಿ. ಹುಡುಗರಿಗೆ ಕಾನೂನು ಪ್ರಕಾರ ವಾರಕ್ಕೆ 48 ಗಂಟೆ ಕೆಲಸ, ಒಂದು ದಿನ ರಜೆ ಕೊಡುತ್ತೀರಿ, ನಿಮ್ಮ ಹೆಸರನ್ನೂ ಆ ಹಾಜರಿ ಪುಸ್ತಕಕ್ಕೆ ಸೇರಿಸಿ ಎಂದೆ. ಭಾನುವಾರ ಎಲ್ಲಿಗೂ ಹೋಗಲೇಬೇಕೆಂದಿಲ್ಲ ಎಂದೂ ಹೇಳಿದೆ.

ಐದು ತಿಂಗಳಾಗಿದೆ. 48 ಗಂಟೆ ಆಗಿಲ್ಲ, 65ರ ಹತ್ತಿರ ಇದ್ದಾರೆ. ಒಂದು ತಿಂಗಳು ಕೈ ಬಿಗಿಯಾಗಿ, ಆ ಗಿರಾಕಿಗೆ ತಾವೇ ಫೋನ್ ಮಾಡಲು ಹೊರಟಿದ್ದರು, ಹೆಂಡತಿ ತಡೆದರು. ಮಗಳು ಇನ್ನೂ ಅಷ್ಟಾಗಿ ಮಾತಾಡುವುದಿಲ್ಲ, ಅದಕ್ಕೆ ಸಮಯ ಬೇಕು. ಬಿಪಿ ಮಾತ್ರೆ ಮುಂದುವರಿದಿದೆ. ಈಗ ರಾತ್ರಿ ಆರು ಗಂಟೆಯಷ್ಟು ನಿದ್ದೆ ಬರುತ್ತಿದೆ.

ಹೋದ ವಾರ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಭಾನುವಾರ, ಮಧ್ಯಾಹ್ನ 2ರಿಂದ 4: ಬಿಸಿಬೇಳೆಬಾತ್, ನಿದ್ದೆ. ಖುಷಿ 8. ಸಾಧನೆಯ ಜಾಗ ಖಾಲಿ.

“ಇಲ್ಲಿ ಏನು ಬರೀಲಿ?”

ಬಿಟ್ಟುಬಿಡಿ ಅಂದೆ.